‘ಕ್ಯಾನ್ಸರ್ ಹರಡುತ್ತದೆ’: ಈ ಮಾತು ಹಳ್ಳಿಯಲ್ಲಿ ಹೇಗೆ ಕೇಳಿಸುತ್ತದೆ?

ಪ್ರಶ್ನೆ (ಕೊಪ್ಪಳದಿಂದ)

ಕುಷ್ಟಗಿ, ಯಲಬುರ್ಗಾ ಕಡೆ ಆಶಾ ಕಾರ್ಯಕರ್ತೆಯರು ಓದಿ ಹೇಳಲೆಂದು ಕರಪತ್ರವೊಂದು ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ಅರ್ಬುದ’, ‘ಮಾರಕ ಗಂತಿ’, ‘ಹರಡುವಿಕೆ’, ‘ಬಿಳಿ ಮಚ್ಚೆ’, ‘ವಾಸಿಯಾಗದ ಬಾಯಿಹುಣ್ಣು’ ಎಂದೆಲ್ಲ ಇದೆ. ಯಾವುದನ್ನು ಉಳಿಸಬಹುದು? ಬಲ್ಲವರು ತಿಳಿಸಬೇಕು.

ಉತ್ತರ (ರಾಯಚೂರಿನಿಂದ)

‘ಅರ್ಬುದ’ ಸುಶ್ರುತ ಸಂಹಿತೆಯಷ್ಟು ಹಳೆಯ ಪದ. ಆಳವಾಗಿ ಬೇರೂರಿ, ನಿಧಾನವಾಗಿ ಬೆಳೆಯುವ, ಕೀವುಗಟ್ಟದ ಮಾಂಸದ ಊತಕ್ಕೆ ಅಲ್ಲಿ ಆ ಹೆಸರು. ನಿಘಂಟಿನಲ್ಲಿರಲಿ, ಕರಪತ್ರಕ್ಕೆ ಬೇಡ. ‘ಕ್ಯಾನ್ಸರ್’ ಎಂದರೆ ಎಲ್ಲರಿಗೂ ಗೊತ್ತು.

‘ಮಾರಕ’ವನ್ನು ದಯವಿಟ್ಟು ತೆಗೆಯಿರಿ. ಅದನ್ನು ಕೇಳಿದವರು ಆಸ್ಪತ್ರೆಗೆ ಹೋಗಿಯೂ ಪ್ರಯೋಜನವಿಲ್ಲವೆಂದು ಮನೆಯಲ್ಲೇ ಕೂರುತ್ತಾರೆ. ‘ಸಾದಾ ಗಡ್ಡಿ’, ‘ಕ್ಯಾನ್ಸರ್ ಗಡ್ಡಿ’ ಎಂದರೆ ಸಾಕು. ನಮ್ಮ ಕಡೆ ‘ಗರ್ಭಕೋಶದಾಗ ಗಡ್ಡಿ ಆಗ್ಯಾದ’ ಎಂದರೆ ಹೆಚ್ಚಾಗಿ ಫೈಬ್ರಾಯ್ಡ್. ಅದು ಸಾದಾ ಗಡ್ಡಿ, ಇದ್ದಲ್ಲೇ ಬೆಳೆಯುತ್ತದೆ. ಕ್ಯಾನ್ಸರ್ ಗಡ್ಡಿ ಪಕ್ಕದ ಮಾಂಸದೊಳಕ್ಕೆ ನುಗ್ಗುತ್ತದೆ, ರಕ್ತ ಮತ್ತು ದುಗ್ಧರಸದ (ಲಿಂಫ್, ಮೈಯೊಳಗೆ ಹರಿಯುವ ತಿಳಿ ದ್ರವ) ದಾರಿಯಲ್ಲಿ ಬೇರೆ ಅಂಗಕ್ಕೂ ಹೋಗಿ ಬೆಳೆಯುತ್ತದೆ.

ಇದಕ್ಕೇ ‘ಹರಡುತ್ತದೆ’ ಎನ್ನುವುದು. ಆದರೆ ಡೆಂಗಿ ಹರಡುತ್ತದೆ, ಕಾಲರಾ ಹರಡುತ್ತದೆ ಎಂದು ಕೇಳಿದ ಕಿವಿಗೆ ಇದು ಅಂಟುರೋಗವೆಂದೇ ಅನಿಸುತ್ತದೆ. ಮನೆಯವರು ರೋಗಿಯ ತಟ್ಟೆ ಲೋಟ ಬೇರೆ ಇಡುತ್ತಾರೆ. ‘ಮೈಯೊಳಗೆ ಬೇರೆ ಕಡೆಗೂ ಹಬ್ಬುತ್ತದೆ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ’ ಎಂದು ಎರಡನ್ನೂ ಒಟ್ಟಿಗೇ ಬರೆಯಿರಿ.

ಹೆಚ್ಚು ಎಚ್ಚರ ಬೇಕಾದದ್ದು ‘ಬಾಯಿಹುಣ್ಣಿ’ನಲ್ಲಿ. ಜನ ಅದನ್ನು ಉಷ್ಣದ ಹುಣ್ಣು ಎಂದುಕೊಳ್ಳುತ್ತಾರೆ. ಆ ಸಾಮಾನ್ಯ ಹುಣ್ಣು ವಿಪರೀತ ಉರಿಯುತ್ತದೆ, ವಾರ ಎರಡು ವಾರದಲ್ಲಿ ಮಾಯುತ್ತದೆ. ಕ್ಯಾನ್ಸರ್ ಹುಣ್ಣು ಮೊದಮೊದಲು ನೋಯದೆಯೂ ಇರಬಹುದು, ಅಂಚು ಮುಟ್ಟಿದರೆ ಗಟ್ಟಿ. ಆದ್ದರಿಂದ ‘ನೋವಿರಲಿ ಬಿಡಲಿ, ಮೂರು ವಾರವಾದರೂ ಮಾಯದ ಹುಣ್ಣು’ ಎಂದು ಬರೆಯಬೇಕು. ಗಾಯ, ಹುಣ್ಣುಗಳಿಗೆ ‘ಮಾಯು’ ಎಂಬುದೇ ಸರಿಯಾದ ಕ್ರಿಯಾಪದ. ಸುಣ್ಣ ತಿಕ್ಕಿದ ತಂಬಾಕು ಇಟ್ಟುಕೊಳ್ಳುವ ತುಟಿಯ ಸಂದು, ಕೆನ್ನೆಯ ಒಳಭಾಗ, ನಾಲಿಗೆಯ ಅಂಚು: ಈ ಜಾಗಗಳನ್ನು ಹೆಸರಿಸಿ.

‘ಬಿಳಿ ಮಚ್ಚೆ’ ಎಂದರೆ ತೊನ್ನು ಎನ್ನುತ್ತಾರೆ. ‘ಒರೆಸಿದರೂ ಹೋಗದ ಬಿಳಿ ಪರೆ’ ಎನ್ನಿ. ಕೆಂಪು ಪರೆಯನ್ನೂ ಸೇರಿಸಿ, ಅದು ಇನ್ನೂ ಅಪಾಯದ್ದು. ಅಡಿಕೆಯಿಂದ ಬಾಯಿ ಬಿಗಿಯುವುದಕ್ಕೆ ಹೊಸ ಪದ ಹುಡುಕಬೇಕಿಲ್ಲ: ‘ಮಿರ್ಚಿ ತಿನ್ನುತ್ತಿದ್ದವರಿಗೆ ಈಗ ಸಣ್ಣ ಖಾರವೂ ತಡೆಯದು, ಮೂರು ಬೆರಳು ಒಂದರ ಮೇಲೊಂದಿಟ್ಟರೆ ಬಾಯೊಳಗೆ ಹೋಗವು’ ಎಂದರೆ ತಾವೇ ನೋಡಿಕೊಳ್ಳುತ್ತಾರೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂಬುದನ್ನು ಬಿಡಬೇಡಿ. ಕರಡುಗಳಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವ ವಾಕ್ಯ ಅದೇ.

ಸೇರ್ಪಡೆ (ಬಳ್ಳಾರಿಯಿಂದ)

‘ಎದೆಯಲ್ಲಿ ಗಂಟು’ ಬೇಡ. ಎದೆ ಎಂದರೆ ಹೃದಯವೂ ಹೌದು, ಗಂಡಸರ ಎದೆಯೂ ಹೌದು. ಹೆಂಗಸರು ಹೆಂಗಸರಿಗೆ ಓದುವ ಕಾಗದದಲ್ಲಿ ‘ಮೊಲೆ’ ಎಂದೇ ಇರಲಿ: ನೋಯದ ಗಂಟು, ಒಳಕ್ಕೆ ಸೆಳೆದುಕೊಂಡ ತೊಟ್ಟು, ತೊಟ್ಟಿನಿಂದ ರಕ್ತ.

‘ಗರ್ಭಕಂಠ’ದ ಬದಲು ‘ಗರ್ಭಕೋಶದ ಬಾಯಿ’. ಅಲ್ಲಿನ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ವೈರಾಣು. 16 ಮತ್ತು 18ನೇ ಬಗೆಗಳಿಂದಲೇ ಸುಮಾರು ನೂರಕ್ಕೆ 70 ಪಾಲು. ಇಲ್ಲಿಯೂ ‘ಸೋಂಕು’ ಗೊಂದಲ ತರುತ್ತದೆ. ‘ವೈರಾಣು ದೇಹಸಂಪರ್ಕದಿಂದ ಬರುತ್ತದೆ, ಬಹುಪಾಲು ತಾನೇ ಹೋಗುತ್ತದೆ, ವರ್ಷಗಟ್ಟಲೆ ಉಳಿದರೆ ಕ್ಯಾನ್ಸರ್ ಆಗಬಹುದು’ ಎಂದು ಬಿಡಿಸಿ ಬರೆಯಿರಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಕೂಡಿದ ಮೇಲೆ ರಕ್ತ ಹೋದರೆ ತಡಮಾಡಬಾರದು. ಏನೂ ತೊಂದರೆ ಇಲ್ಲದವರಿಗೂ 30 ವರ್ಷ ದಾಟಿದ ಮೇಲೆ 5 ವರ್ಷಕ್ಕೊಮ್ಮೆ ತಪಾಸಣೆ ಇದೆ. ಆ ಸಾಲಿನಲ್ಲಿ ‘ಚಿಕಿತ್ಸೆ’ ಎಂದಿದ್ದರೆ ‘ತಪಾಸಣೆ’ ಎಂದು ತಿದ್ದಿ, ಇಲ್ಲದಿದ್ದರೆ ಆರೋಗ್ಯವಾಗಿರುವವರು ಬರುವುದಿಲ್ಲ.