ಫಾಲೋಅಪ್ ಸ್ಕ್ಯಾನ್‌ನಲ್ಲಿ ಮತ್ತೆ ಗಂಟು: ರೇಡಿಯಾಲಜಿ ಡಾಕ್ಟರನ್ನು ಕೇಳಿ

ಹಾಸನದ ಸದಸ್ಯ: ಮೇಡಂ, ನಮ್ಮಮ್ಮನಿಗೆ 58 ವರ್ಷ. ಸ್ತನ ಕ್ಯಾನ್ಸರ್ ಆಪರೇಷನ್ ಆಗಿ 3 ವರ್ಷ. ಈಗ ಪೆಟ್ ಸ್ಕ್ಯಾನ್‌ನಲ್ಲಿ ಎದೆಯೊಳಗೆ ಎರಡೂ ಕಡೆ ಗಂಟುಗಳು ಹೊಳೆಯುತ್ತಿವೆಯಂತೆ. ಕ್ಯಾನ್ಸರ್ ಹರಡಿರಬಹುದು ಅಂತ ರಿಪೋರ್ಟ್. ಮುಂದಿನ ವಾರವೇ ಕಿಮೋ ಅಂತಿದ್ದಾರೆ. ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ.

ಡಾಕ್ಟರ್: ಸಂಜೆ ಜ್ವರ ಬರುತ್ತಾ? ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತಾ?

ಹಾಸನದ ಸದಸ್ಯ: ಒಂದು ತಿಂಗಳಿಂದ ಸಂಜೆಯಾದರೆ ಮೈ ಬಿಸಿ. ಚಿಕ್ಕಪ್ಪ ಹೋದ ವರ್ಷ ಟಿಬಿ ಮಾತ್ರೆ ಮುಗಿಸಿದರು. ಎಲ್ಲ ಒಂದೇ ಮನೆ.

ಡಾಕ್ಟರ್: ಹಾಗಾದರೆ ಕಿಮೋಗೆ ಮೊದಲು ಬಯಾಪ್ಸಿ, ಅಂದರೆ ಗಂಟಿನ ತುಣುಕು ತೆಗೆದು ಪರೀಕ್ಷೆ, ಆಗಲಿ ಅಂತ ನಿಮ್ಮ ಡಾಕ್ಟರ ಹತ್ತಿರ ಇವತ್ತೇ ಮಾತಾಡಿ. ಪೆಟ್ ಸ್ಕ್ಯಾನಿಗೆ ಕ್ಯಾನ್ಸರ್ ಯಾವುದು ಅಂತ ಗೊತ್ತಾಗುವುದಿಲ್ಲ. ಗ್ಲೂಕೋಸ್ ಜಾಸ್ತಿ ಎಳೆದುಕೊಳ್ಳುವ ಜೀವಕೋಶ ಯಾವುದಾದರೂ ಹೊಳೆಯುತ್ತದೆ. ಟಿಬಿ ಗಂಟು, ಸಾರ್ಕಾಯ್ಡೋಸಿಸ್ (ಕ್ಯಾನ್ಸರ್ ಅಲ್ಲದ ಒಂದು ಉರಿಯೂತದ ಕಾಯಿಲೆ) ಗಂಟು, ಎರಡೂ ಕ್ಯಾನ್ಸರಿನಷ್ಟೇ ಹೊಳೆಯಬಲ್ಲವು. ಎಡಕ್ಕೂ ಬಲಕ್ಕೂ ಒಂದೇ ಥರ ಇದ್ದರೆ ಇದು ಕ್ಯಾನ್ಸರ್ ಅಲ್ಲವೇನೋ ಎಂಬ ಅನುಮಾನ ನನಗೆ ಇನ್ನೂ ಜಾಸ್ತಿ. ಟಿಬಿ ಇರುವುದು ತಿಳಿಯದೆ ಕಿಮೋ ಕೊಟ್ಟರೆ, ತಡೆಯುವ ಶಕ್ತಿ ಕುಗ್ಗಿ ಅದು ಮೈಯೆಲ್ಲ ಹರಡಬಹುದು. ನನಗೆ ಅದೇ ಭಯ.

ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ ಸೂಜಿಯಿಂದ ತುಣುಕು ತೆಗೆಯುತ್ತಾರೆ. ಈಬಸ್ ಅಂತಾರೆ. ಒಂದು ಮಾತು ಮರೆಯಬೇಡಿ. ತೆಗೆದದ್ದನ್ನೆಲ್ಲ, ತುಣುಕು ಕೆಡದಂತೆ ಇಡುವ ದ್ರವ ಫಾರ್ಮಲಿನ್‌ಗೆ ಹಾಕಿದರೆ ಟಿಬಿ ಕ್ರಿಮಿ ಸಾಯುತ್ತದೆ, ಕಲ್ಚರ್ ಮಾಡಲು, ಅಂದರೆ ಕ್ರಿಮಿ ಬೆಳೆಸಿ ನೋಡಲು, ಬರುವುದಿಲ್ಲ. ಒಂದು ಪಾಲನ್ನು ಸಲೈನ್‌ನಲ್ಲಿ ಬೇರೆ ಕಳಿಸಲು ಮೊದಲೇ ಹೇಳಿ. ಗ್ರಾನುಲೋಮಾ (ಟಿಬಿ, ಸಾರ್ಕಾಯ್ಡೋಸಿಸ್ ಎರಡರಲ್ಲೂ ಕಾಣುವ ಉರಿಯೂತದ ಜೀವಕೋಶಗಳ ಗುಂಪು) ಅಂತ ರಿಪೋರ್ಟ್ ಬಂದರೂ ಅಲ್ಲಿಗೆ ಬಿಡಬೇಡಿ. ಕ್ಯಾನ್ಸರಿನ ಪಕ್ಕದಲ್ಲೂ ಅದು ಇರಬಹುದು. ಚಿಕಿತ್ಸೆ ಆದಮೇಲೆ ಗಂಟು ಕರಗಿತಾ ಅಂತ ಮತ್ತೆ ಸ್ಕ್ಯಾನ್ ಮಾಡಿ ನೋಡಲೇಬೇಕು.

ಶಿರಸಿಯ ಸದಸ್ಯೆ: ರೇಡಿಯೇಷನ್ ಆದ ಸ್ತನದಲ್ಲಿ, ಹೊಲಿಗೆ ಹತ್ತಿರವೇ ಗಟ್ಟಿ ಗಂಟು. ಮತ್ತೆ ಬಂತಾ ಮೇಡಂ?

ಡಾಕ್ಟರ್: ಅಲ್ಲಿನ ಕೊಬ್ಬು ಸತ್ತು ಗಟ್ಟಿಯಾಗಿರಬಹುದು, ಫ್ಯಾಟ್ ನೆಕ್ರೋಸಿಸ್. ಮುಟ್ಟಿ ನೋಡಿ ಹೇಳಲಾಗದು. ಮ್ಯಾಮೋಗ್ರಾಂ ಮಾಡಿಸಿ, ಹಳೇ ಫಿಲಂ ಒಯ್ಯಿರಿ. ಅನುಮಾನ ಉಳಿದರೆ ಬಯಾಪ್ಸಿ.

ಮಂಡ್ಯದ ಸದಸ್ಯ: ಪೆಟ್‌ನಲ್ಲಿ ಹೊಳೆದರೆ ಕ್ಯಾನ್ಸರ್ ತಾನೇ?

ಡಾಕ್ಟರ್: ಮೇಲೆ ಬರೆದಿದ್ದೇನೆ. ಓದಿ.

ತುಮಕೂರಿನ ಸದಸ್ಯ: ಬಯಾಪ್ಸಿ ಮಾಡಿಸಲೇಬೇಡಿ, ಸೂಜಿ ಚುಚ್ಚಿದರೆ ಹರಡುತ್ತೆ. ಸಕ್ಕರೆ ಬಿಟ್ಟು ಲಕ್ಷ್ಮಣಫಲದ ಎಲೆ ಕಷಾಯ ಕುಡಿದರೆ ಗಂಟು ಸಾಯುತ್ತೆ ಅಂತ ಫಾರ್ವರ್ಡ್ ಬಂದಿದೆ. ಗ್ಲೂಕೋಸ್ ಎಳೆಯುತ್ತೆ ಅಂತ ಮೇಡಮ್ಮೇ ಹೇಳಿದ್ರಲ್ಲ.

ಡಾಕ್ಟರ್: ಇದನ್ನು ಅಳಿಸಿ. ಸಕ್ಕರೆ ಬಿಟ್ಟರೂ ಅನ್ನದಿಂದ, ಲಿವರಿನಿಂದ ರಕ್ತಕ್ಕೆ ಗ್ಲೂಕೋಸ್ ಬರುತ್ತಲೇ ಇರುತ್ತದೆ. ಸೊರಗುವುದು ರೋಗಿ, ಗಂಟಲ್ಲ. ಸೂಜಿಯಿಂದ ಹರಡುವುದು ಬಹಳ ಅಪರೂಪ. ಕಾಯಿಲೆ ಯಾವುದೆಂದು ತಿಳಿಯದೆ ಔಷಧಿ ಕೊಡುವುದು ಅದಕ್ಕಿಂತ ದೊಡ್ಡ ಅಪಾಯ.

ತುಮಕೂರಿನ ಸದಸ್ಯ: ನಮ್ಮತ್ತೆ ಬಯಾಪ್ಸಿ ಆದ ಆರೇ ತಿಂಗಳಿಗೆ ಹೋದರು. ಕಣ್ಣಾರೆ ಕಂಡಿದ್ದೇನೆ.

ಮೈಸೂರಿನ ಸದಸ್ಯೆ: ಅವರ ಕಾಯಿಲೆ ಆಗಲೇ ಎಷ್ಟು ಮುಂದುವರಿದಿತ್ತು, ಅದನ್ನೂ ಹೇಳಿ ಸ್ವಾಮಿ. ನನ್ನ ಶ್ವಾಸಕೋಶದ ಕಲೆ ರೇಡಿಯೇಷನ್ನಿನ ಉರಿಯೂತ ಅಂತ ಗೊತ್ತಾಗಿದ್ದೇ ಬಯಾಪ್ಸಿಯಿಂದ.

ತುಮಕೂರಿನ ಸದಸ್ಯ: ನಿಮ್ಮ ಪುಣ್ಯ. ಎಲ್ಲರಿಗೂ ಹಾಗಾಗಲ್ಲ.

ಮೈಸೂರಿನ ಸದಸ್ಯೆ: ಸುಮ್ನೆ ಹೆದರಿಸಬೇಡಿ. ಹಾಸನದ ಆ ಹುಡುಗ ಇದನ್ನೆಲ್ಲ ಓದುತ್ತಿದ್ದಾನೆ.

ಬೆಳಗಾವಿಯ ಸದಸ್ಯ: ಆಯುಷ್ಮಾನ್ ಕಾರ್ಡಿನಲ್ಲಿ ಪೆಟ್ ಸ್ಕ್ಯಾನ್ ಆಗುತ್ತಾ?

ತುಮಕೂರಿನ ಸದಸ್ಯ: ನನಗೆ ಬುದ್ಧಿ ಹೇಳಲು ನೀವ್ಯಾರು?

ಡಾಕ್ಟರ್: ಇಬ್ಬರೂ ನಿಲ್ಲಿಸಿ. ಆ ಫಾರ್ವರ್ಡ್ ಇನ್ನೂ ಹಾಗೇ ಇದೆ.

ಹಾಸನದ ಸದಸ್ಯ: ಮೇಡಂ, ಕಿಮೋ ಮುಂದಕ್ಕೆ ಹಾಕಿದ್ದಾರೆ. ಸೋಮವಾರ ಈಬಸ್. ಸಲೈನ್ ವಿಷಯ ಹೇಳಿದೆ, ಬರೆದುಕೊಂಡರು.

ಡಾಕ್ಟರ್: ಒಳ್ಳೆಯದಾಯಿತು. ಜ್ವರ ದಿನಾ ಅಳೆದು ಬರೆದಿಡಿ. ಚಿಕ್ಕಪ್ಪನ ಹಳೇ ಟಿಬಿ ಚೀಟಿ ತೆಗೆದುಕೊಂಡು ಹೋಗಿ. ಯಾವ ಮಾತ್ರೆಗೆ ವಾಸಿಯಾಯಿತು ಅಂತ ನಿಮ್ಮ ಡಾಕ್ಟರಿಗೆ ಬೇಕಾಗುತ್ತದೆ.