ಅಪ್‌ಡೇಟ್: ಬಿಸಿಯಾದೊಡನೆ ನಿಲ್ಲುತ್ತಿದ್ದ ಯೆಜ್ಡಿ ಈಗ ಸರಿಯಾಗಿದೆ
ತಂದೆಯವರ ಕಾಲದ ನನ್ನ 6 ವೋಲ್ಟ್ ಯೆಜ್ಡಿ ಬೈಕ್ ತಣ್ಣಗಿರುವಾಗ ಒಂದೇ ಕಿಕ್‌ಗೆ ಸ್ಟಾರ್ಟ್ ಆಗಿ, ಹದಿನೈದು ನಿಮಿಷ ಓಡಿದ ಮೇಲೆ ನಿಂತುಬಿಡುತ್ತದೆ, ಆರಿದ ಮೇಲಷ್ಟೇ ಮತ್ತೆ ಏಳುತ್ತದೆ ಎಂದು ಕಳೆದ ತಿಂಗಳು ಇಲ್ಲಿ ಕೇಳಿದ್ದೆ. ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿ ಹಾರುವಷ್ಟು ಏರಿಸುವ ಭಾಗ) ಬದಲಿಸುವ ಮೊದಲು ಪಾಯಿಂಟ್ಸ್ (ಕಾಯಿಲ್‌ನ ಕರೆಂಟನ್ನು ಸರಿಯಾದ ಕ್ಷಣಕ್ಕೆ ಕಡಿಯುವ ಪುಟ್ಟ ಸ್ವಿಚ್) ನೋಡಿ ಎಂದು ಹಿರಿಯರೊಬ್ಬರು ಹೇಳಿದ್ದೇ ನಿಜವಾಯಿತು.

ಇಂಜಿನ್ ಬಿಸಿಯಿರುವಾಗಲೇ, ಸಂಜೆಗತ್ತಲಲ್ಲಿ ಕವರ್ ಬಿಚ್ಚಿ ಕಿಕ್ ಹೊಡೆದೆ. ಸ್ಪಾರ್ಕ್ ಪ್ಲಗ್‌ನಲ್ಲಿ ಸಣ್ಣ ಹಳದಿ ಕಿಡಿ ಬರುತ್ತಿದ್ದರೆ, ಪಾಯಿಂಟ್ಸ್ ನಡುವೆ ದಪ್ಪನೆಯ ನೀಲಿ ಕಿಡಿ ಹಾರುತ್ತಿತ್ತು. ಒಂದು ಪಾಯಿಂಟ್‌ನ ಮುಖದಲ್ಲಿ ಕುಳಿ ಬಿದ್ದು, ಎದುರಿನದರಲ್ಲಿ ಗುಬಟು ಎದ್ದಿತ್ತು. ಪಾಯಿಂಟ್ಸ್ ತೆರೆದಾಗ ನುಗ್ಗುವ ಕರೆಂಟನ್ನು ಹೀರಿಕೊಳ್ಳಬೇಕಾದ ಕಂಡೆನ್ಸರ್ ಬಿಸಿಗೆ ಸೋಲುತ್ತಿದ್ದುದರಿಂದ, ಕಾಯಿಲ್‌ಗೆ ಜೋರಾದ ಕಿಡಿ ಹುಟ್ಟಿಸಲು ಆಗುತ್ತಿರಲಿಲ್ಲ. ಪಾಯಿಂಟ್ಸ್, ಕಂಡೆನ್ಸರ್ ಎರಡನ್ನೂ ಹೊಸದು ಹಾಕಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಪಾಯಿಂಟ್ಸ್ ಗ್ಯಾಪ್ 0.4 ಮಿ.ಮೀ.ಗೆ ಹೊಂದಿಸಿದೆ.

ಇನ್ನೊಂದು ದೋಷ ಮಲ್ಟಿಮೀಟರ್‌ನಿಂದ ಸಿಕ್ಕಿತು: ಬ್ಯಾಟರಿಯಲ್ಲಿ 6.2 ವೋಲ್ಟ್ ಇದ್ದರೂ ಕಾಯಿಲ್‌ಗೆ ತಲುಪುತ್ತಿದ್ದುದು 4.9 ಮಾತ್ರ. ಇಗ್ನಿಷನ್ ಸ್ವಿಚ್‌ನ ಕಿಲುಬು ತೆಗೆದು, ಅರ್ಥ್ ವೈರ್ ಕೂರುವಲ್ಲಿ ಚಾಸಿಯ ಪೇಂಟ್ ಕೆರೆದ ಮೇಲೆ ಕಾಯಿಲ್‌ಗೆ ಬರುವುದು 6 ವೋಲ್ಟ್ ದಾಟಿತು.

ನಿನ್ನೆ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆ, ಎಲ್ಲಿಯೂ ನಿಲ್ಲಲಿಲ್ಲ. ಕಾಯಿಲ್ ಹಳೆಯದೇ ಇದೆ. ಸಹಾಯ ಮಾಡಿದ ಎಲ್ಲರಿಗೂ ಮನಃಪೂರ್ವಕ ವಂದನೆಗಳು.