‘ಅಪಾಯಕಾರಿ ಅಂಶ’ ಎಂದರೆ ಕಾರಣವೇ? ಪಾರ್ಕಿನ್ಸನ್ ಕರಪತ್ರದ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಸಿಂಧನೂರು, ಮಾನ್ವಿ ಕಡೆಯ ರೈತ ಸಂಪರ್ಕ ಕೇಂದ್ರಗಳ ಗೋಡೆಗೆ ಹಚ್ಚಲು ಪಾರ್ಕಿನ್ಸನ್ ಕಾಯಿಲೆಯ (ಮಿದುಳಿನ ನರಕೋಶಗಳು ಕ್ರಮೇಣ ನಶಿಸಿ ಕೈಕಾಲಿನ ಚಲನೆ ಕೆಡುವ ರೋಗ) ಬಗ್ಗೆ ಒಂದು ಪುಟದ ಕರಪತ್ರ ಸಿದ್ಧವಾಗುತ್ತಿದೆ. ಭತ್ತ, ಹತ್ತಿ, ಮೆಣಸಿನಕಾಯಿಗೆ ಎಣ್ಣಿ (ನಮ್ಮ ಕಡೆ ಬೆಳೆಗೆ ಸಿಂಪಡಿಸುವ ಔಷಧಕ್ಕೆ ಹೀಗೆನ್ನುತ್ತಾರೆ) ಹೊಡೆಯುವ ಕೂಲಿಕಾರರೇ ಓದುಗರು. ‘ರಿಸ್ಕ್ ಫ್ಯಾಕ್ಟರ್’ಗೆ ‘ಅಪಾಯಕಾರಿ ಅಂಶ’ ಎಂದು ಹಾಕಿದೆ. ಓದಿದವರು “ಹಂಗಾರ ಎಣ್ಣಿ ಹೊಡದವರಿಗೆಲ್ಲ ಈ ಜಡ್ಡು ಬರತದೇನ್ರಿ?” ಎಂದೇ ಕೇಳುತ್ತಾರೆ. ಇದಕ್ಕೆ ತಕ್ಕ ಪದ ಯಾವುದು? ‘ಎಕ್ಸ್‌ಪೋಷರ್’ಗೆ ‘ಒಡ್ಡಿಕೊಳ್ಳುವಿಕೆ’ ಬಿಟ್ಟರೆ ಬೇರೆ ಇದೆಯೇ? ರೋಗದ ಹೆಸರನ್ನು ‘ನಡುಕ ರೋಗ’ ಎನ್ನಬಹುದೇ?

ಈಗಿನ ಪಟ್ಟಿ ಹೀಗಿದೆ: ವಯಸ್ಸು, ಕಳೆನಾಶಕ, ಬಾವಿ ನೀರು, ತಲೆಪೆಟ್ಟು, ಮಲಬದ್ಧತೆ, ವಾಸನೆ ತಿಳಿಯದಿರುವುದು, ಧೂಮಪಾನ.

—

ಮೇಡಂ, ನಮಸ್ಕಾರ. ಬಳ್ಳಾರಿಯಿಂದ ಬರೆಯುತ್ತಿದ್ದೇನೆ.

ಪದಕ್ಕಿಂತ ಮೊದಲು ಪಟ್ಟಿಯನ್ನು ನೋಡಬೇಕು. ಅದರಲ್ಲಿ ಮೂರು ಜಾತಿಯ ಸಂಗತಿಗಳು ಒಂದೇ ಸಾಲಿನಲ್ಲಿ ನಿಂತಿವೆ. ಮಲಬದ್ಧತೆ, ವಾಸನೆ ತಿಳಿಯದಿರುವುದು ಇವೆರಡೂ ರೋಗವನ್ನು ತರುವವಲ್ಲ. ರೋಗ ಒಳಗೆ ಶುರುವಾದಾಗ ಹೊರಗೆ ಕಾಣುವ ಗುರುತುಗಳು. ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೂಗುವುದು, ಕೈಕಾಲು ಝಾಡಿಸುವುದು ಕೂಡ ಇದೇ ಸಾಲಿಗೆ ಸೇರುತ್ತದೆ. ಕೈ ನಡುಗುವ ಹೊತ್ತಿಗೆ ಮಿದುಳಿನ ಸಬ್‌ಸ್ಟ್ಯಾನ್ಶಿಯಾ ನೈಗ್ರಾ ಎಂಬ ಭಾಗದಲ್ಲಿ ಡೋಪಮಿನ್ (ಚಲನೆಯ ಹತೋಟಿಗೆ ಬೇಕಾದ ರಾಸಾಯನಿಕ) ತಯಾರಿಸುವ ನರಕೋಶಗಳು ಹೆಚ್ಚುಕಡಿಮೆ ಅರ್ಧದಷ್ಟು ಹೋಗಿರುತ್ತವೆ. ಈ ಗುರುತುಗಳು ಅದಕ್ಕೂ ಎಷ್ಟೋ ವರ್ಷ ಮೊದಲೇ ಕಾಣಿಸಬಹುದು. ಇವಕ್ಕೆ ‘ಮುಂಗುರುತು’ ಎಂಬ ಪದ ಚೆನ್ನಾಗಿ ಒಪ್ಪುತ್ತದೆ, ಬೇರೆ ಶೀರ್ಷಿಕೆಯ ಕೆಳಗೆ ಇಡಿ. ಹಾಗೆಂದು ಮಲಬದ್ಧತೆ ಇದ್ದವರಿಗೆಲ್ಲ ಈ ರೋಗ ಬಂದೇ ಬರುತ್ತದೆ ಎಂದೇನಿಲ್ಲ ಎಂಬ ಒಂದು ಸಾಲು ಅಲ್ಲೇ ಇರಲಿ.

ಧೂಮಪಾನವನ್ನು ದಯವಿಟ್ಟು ತೆಗೆಯಿರಿ. ಬೀಡಿ ಸಿಗರೇಟು ಸೇದುವವರಲ್ಲಿ ಪಾರ್ಕಿನ್ಸನ್ ಕಡಿಮೆ ಕಾಣುತ್ತದೆ ಎಂಬುದೇ ಹಲವು ದಶಕಗಳ ಅಧ್ಯಯನಗಳು ಹೇಳುವ ಮಾತು. ಕಾಫಿ ಕುಡಿಯುವವರಲ್ಲೂ ಹಾಗೆಯೇ. ಆದರೆ ಇದನ್ನು ಕರಪತ್ರದಲ್ಲಿ ಬರೆದರೆ ಬೀಡಿ ಔಷಧವಾದೀತು. ಶ್ವಾಸಕೋಶಕ್ಕೂ ಹೃದಯಕ್ಕೂ ಬೀಡಿ ಮಾಡುವ ಕೇಡು ಎಷ್ಟೋ ಪಟ್ಟು ದೊಡ್ಡದು. ಆದ್ದರಿಂದ ಇಲ್ಲಿ ಮೌನವೇ ಸರಿ.

ಇನ್ನು ‘ಅಪಾಯಕಾರಿ ಅಂಶ’. ಇದರ ಎರಡು ಪದಗಳೂ ನಮ್ಮ ಓದುಗರನ್ನು ದಾರಿ ತಪ್ಪಿಸುತ್ತವೆ. ‘ಕಬ್ಬಿಣದ ಅಂಶ’, ‘ಉಪ್ಪಿನಂಶ’, ‘ವಿಷದ ಅಂಶ’ ಎನ್ನುವಾಗ ಅಂಶ ಎಂದರೆ ಒಂದು ವಸ್ತುವಿನೊಳಗೆ ಬೆರೆತಿರುವುದು. ಹಾಗಾಗಿ ಅಪಾಯಕಾರಿ ಅಂಶ ಎಂದರೆ ಬಾಟಲಿಯೊಳಗಿರುವ ಯಾವುದೋ ಕೆಟ್ಟ ಪದಾರ್ಥ ಎಂದೇ ಕಿವಿಗೆ ಬೀಳುತ್ತದೆ. ವಯಸ್ಸಾಗುವುದು, ಗಂಡಸಾಗಿರುವುದು ಆ ಅರ್ಥದಲ್ಲಿ ಅಂಶವಾಗಲಾರವು.

‘ಅಪಾಯ’ದ ತೊಡಕು ಇನ್ನೂ ದೊಡ್ಡದು. ಎಣ್ಣಿ ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ನೋಡಿ. ಕೆಂಪು ಮತ್ತು ಹಳದಿಗೆ ‘ವಿಷ’, ನೀಲಿಗೆ ‘ಅಪಾಯ’, ಹಸಿರಿಗೆ ‘ಎಚ್ಚರಿಕೆ’ ಎಂಬ ಅರ್ಥದ ಮಾತುಗಳು ಇರುತ್ತವೆ. ಅಂದರೆ ರೈತನ ಕಣ್ಣಿಗೆ ‘ಅಪಾಯ’ ಎಂಬುದು ಒಂದು ನಿರ್ದಿಷ್ಟ ದರ್ಜೆಯ ಹೆಸರು, ‘ವಿಷ’ಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಜೊತೆಗೆ ಆ ಬಣ್ಣಗಳು ಅಳೆಯುವುದು ಒಮ್ಮೆಗೇ ಒಳಗೆ ಹೋದರೆ ಎಷ್ಟು ಪ್ರಮಾಣಕ್ಕೆ ಸಾವು ಎಂಬುದನ್ನು: ಇಲಿಯ ಮೈತೂಕದ ಪ್ರತಿ ಕಿಲೋಗೆ 1ರಿಂದ 50 ಮಿಲಿಗ್ರಾಂ ಆದರೆ ಕೆಂಪು, 51ರಿಂದ 500 ಹಳದಿ, 501ರಿಂದ 5000 ನೀಲಿ, ಅದಕ್ಕೂ ಮೇಲೆ ಹಸಿರು. ಇಪ್ಪತ್ತು ವರ್ಷ ಸ್ವಲ್ಪ ಸ್ವಲ್ಪವೇ ಮೈಗೆ ಹತ್ತಿದರೆ ನರಕ್ಕೆ ಏನಾಗುತ್ತದೆ ಎಂಬುದನ್ನು ಯಾವ ಬಣ್ಣವೂ ಹೇಳುವುದಿಲ್ಲ. ನಿಮ್ಮ ಕರಪತ್ರ ಹೇಳಬೇಕಾದದ್ದು ಈ ಎರಡನೆಯದನ್ನು. ಅದಕ್ಕೆ ಡಬ್ಬಿಯ ಪದವನ್ನೇ ಎರವಲು ತರಬಾರದು.

ನನ್ನ ಸಲಹೆ ‘ಸಂಭವ’. ‘ಮಳೆ ಬರುವ ಸಂಭವ ಇದೆ’ ಎಂದರೆ ಬಂದೇ ಬರುತ್ತದೆ ಎಂದು ಯಾರೂ ತಿಳಿಯುವುದಿಲ್ಲ. ಶೀರ್ಷಿಕೆ ಬೇಕೇಬೇಕಾದರೆ ‘ಸಂಭವ ಹೆಚ್ಚಿಸುವ ಸಂಗತಿಗಳು’ ಎನ್ನಿ. ಅದಕ್ಕಿಂತ ಉತ್ತಮವೆಂದರೆ ನಾಮಪದದ ಹಂಗು ಬಿಟ್ಟು ಪೂರ್ತಿ ವಾಕ್ಯ ಬರೆಯುವುದು: ‘ಇಂಥವರಲ್ಲಿ ಈ ರೋಗ ಬರುವ ಸಂಭವ ಉಳಿದವರಿಗಿಂತ ಹೆಚ್ಚು’. ‘ಇದರಿಂದ ಬರುತ್ತದೆ’ ಎಂಬ ಮಾತು ಎಲ್ಲಿಯೂ ಬೇಡ. ಆ ‘ಇಂದ’ ಪ್ರತ್ಯಯ ಬಂದ ಕೂಡಲೇ ಸಂಭವ ಹೋಗಿ ಕಾರಣ ಬಂದು ಕೂರುತ್ತದೆ.

‘ಪಟ್ಟು’ ಬಳಸುವಾಗಲೂ ಜೋಕೆ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ಯಾರಾಕ್ವಾಟ್ ಎಂಬ ಕಳೆನಾಶಕ ಅಥವಾ ರೋಟೆನೋನ್ ಎಂಬ ಕೀಟನಾಶಕ ಬಳಸಿದವರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಕಂಡಿತು. ಬರಿಯ ‘ಎರಡೂವರೆ ಪಟ್ಟು’ ಎಂದರೆ ಎದೆ ಝಲ್ಲೆನ್ನುತ್ತದೆ. ಉದಾಹರಣೆಗೆ, ಸಾವಿರ ಜನರಲ್ಲಿ ನಾಲ್ವರಿಗೆ ಬರುವ ಕಡೆ ಹತ್ತು ಜನರಿಗೆ ಎಂದು ಲೆಕ್ಕ ಇಟ್ಟು ತೋರಿಸಿ. ಆಗ ಉಳಿದ 990 ಮಂದಿ ಓದುಗನಿಗೆ ಕಾಣುತ್ತಾರೆ, ನಿಮ್ಮ ಕೂಲಿಕಾರರ ಪ್ರಶ್ನೆಗೂ ಉತ್ತರ ಸಿಗುತ್ತದೆ.

‘ಕಳೆನಾಶಕ’ ನಮ್ಮ ಕಡೆ ಪುಸ್ತಕದ ಮಾತು. ‘ಕಸದ ಎಣ್ಣಿ’ ಎಂದರೆ ತಕ್ಷಣ ತಿಳಿಯುತ್ತದೆ. ಆದರೆ ಬರಿಯ ‘ಎಣ್ಣಿ’ ಎಂದು ಬರೆದರೆ ಹುಳದ ಎಣ್ಣಿ, ರೋಗದ ಎಣ್ಣಿ, ಕಸದ ಎಣ್ಣಿ ಎಲ್ಲವೂ ಒಂದೇ ಗಂಟಾಗುತ್ತವೆ. ಎಲ್ಲದರ ಮೇಲೂ ಒಂದೇ ತೂಕದ ಪುರಾವೆ ಇಲ್ಲ. ಆದ್ದರಿಂದ ರಾಸಾಯನಿಕದ ಹೆಸರನ್ನೇ ಹಾಕಿ: ಪ್ಯಾರಾಕ್ವಾಟ್. ಅಂಗಡಿಯ ಹೆಸರು ಯಾವುದೇ ಇರಲಿ, ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಇದು ಇರುತ್ತದೆ. ಅದರ ಮೇಲೆ ಅನುಮಾನ ಹುಟ್ಟಿದ್ದಕ್ಕೆ ಒಂದು ಹಿನ್ನೆಲೆಯೂ ಇದೆ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳತನದಲ್ಲಿ ತಯಾರಿಸಿದ ಮಾದಕವಸ್ತು ಚುಚ್ಚಿಕೊಂಡ ಹರೆಯದವರು ಕೆಲವೇ ದಿನಗಳಲ್ಲಿ ಮುಪ್ಪಿನ ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿದರು. ಅದರಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ರಾಸಾಯನಿಕ ಮೈಯೊಳಗೆ ಎಂಪಿಪಿ ಎಂಬ ರೂಪಕ್ಕೆ ತಿರುಗಿ, ನರಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾವನ್ನು ಕೆಡಿಸುತ್ತದೆ. ಈ ರೂಪದ ರಾಸಾಯನಿಕ ರಚನೆ ಪ್ಯಾರಾಕ್ವಾಟಿನ ರಚನೆಗೆ ಬಹಳ ಹತ್ತಿರ. ಯುರೋಪಿನ ಒಕ್ಕೂಟದಲ್ಲಿ 2007ರಿಂದ ಪ್ಯಾರಾಕ್ವಾಟಿಗೆ ಅನುಮತಿ ಇಲ್ಲ.

‘ಎಕ್ಸ್‌ಪೋಷರ್’ಗೆ ನಮ್ಮಲ್ಲಿ ಹಳೆಯ, ಸುಂದರ ಪದವೊಂದಿತ್ತು: ಸೋಂಕು. ಗಾಳಿ ಸೋಕುವುದು, ಬಿಸಿಲು ಸೋಕುವುದು. ಆದರೆ ‘ಸೋಂಕು’ ಈಗ ಇನ್‌ಫೆಕ್ಷನ್ನಿನ ಪಾಲಾಗಿದೆ. ಪಾರ್ಕಿನ್ಸನ್ ಅಂಟುರೋಗವಲ್ಲ, ಹಾಗಾಗಿ ಇಲ್ಲಿ ಅದನ್ನು ಮುಟ್ಟುವಂತಿಲ್ಲ. ಉತ್ತರ ಕರ್ನಾಟಕದ ‘ಹತ್ತು’ ಇನ್ನೂ ಸ್ವಚ್ಛವಾಗಿ ಉಳಿದಿದೆ. ‘ಎಣ್ಣಿ ಮೈಗೆ ಹತ್ತುವುದು’ ಎಂದು ಬರೆಯಿರಿ. ‘ಒಡ್ಡಿಕೊಳ್ಳುವುದು’ ಎಂದರೆ ಬೇಕೆಂದೇ ಎದೆಯೊಡ್ಡಿ ನಿಂತಂತೆ ಕೇಳುತ್ತದೆ, ತಪ್ಪು ಕೂಲಿಕಾರನ ತಲೆಗೆ ಬರುತ್ತದೆ. ‘ಹತ್ತು’ ಎಂದಾಗ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ: ಎಲ್ಲಿ ಹತ್ತುತ್ತದೆ? ಡಬ್ಬಿಯಿಂದ ನೀರಿಗೆ ಬೆರೆಸುವಾಗ ಬೆರಳಿಗೆ, ಏಕೆಂದರೆ ಆಗ ಅದು ಇನ್ನೂ ಗಟ್ಟಿ ಎಣ್ಣಿ. ಬೆನ್ನಿಗೆ ಕಟ್ಟಿದ ಪಂಪಿನ ಮುಚ್ಚಳ ಸೋರಿದರೆ ಬೆನ್ನಿಗೆ. ಗಾಳಿಗೆ ಎದುರಾಗಿ ಹೊಡೆದರೆ ಮುಖಕ್ಕೆ. ನಾಜಲ್ ಕಟ್ಟಿದಾಗ ಬಾಯಿಂದ ಊದಿದರೆ ತುಟಿಗೆ.

‘ಪರಿಸರ’, ‘ಜೀವನಶೈಲಿ’ ಎರಡನ್ನೂ ಬಿಡಬಹುದು. ಪರಿಸರ ಎಂದರೆ ಗಿಡಮರ ಎಂಬ ಭಾವನೆ ಗಟ್ಟಿಯಾಗಿದೆ. ವೈದ್ಯಶಾಸ್ತ್ರ ಅದನ್ನು ಬಳಸುವುದು ವಂಶವಾಹಿಗಳ ಹೊರಗಿನದೆಲ್ಲ ಎಂಬ ಅರ್ಥದಲ್ಲಿ. ‘ಕೆಲಸ, ನೀರು, ಗಾಳಿ’ ಎಂದು ಬಿಡಿಸಿ ಹೇಳಿದರೆ ಸಾಕು. ಬಾವಿ ನೀರನ್ನು ಹಾಗೇ ಬಿಟ್ಟರೆ ರಾಯಚೂರಿನವರು ಫ್ಲೋರೈಡ್ ಎಂದುಕೊಳ್ಳುತ್ತಾರೆ. ‘ಹೊಲದ ಎಣ್ಣಿ ಬಸಿದು ಸೇರಿದ ಬಾವಿ ನೀರು’ ಎನ್ನಿ. ತಲೆಪೆಟ್ಟಿಗೆ ‘ಎಚ್ಚರ ತಪ್ಪುವಷ್ಟು’ ಎಂದು ಸೇರಿಸಿ.

ಕೊನೆಗೆ ಹೆಸರು. ‘ನಡುಕ ರೋಗ’ ಬೇಡ ಎನ್ನುತ್ತೇನೆ. ನಡುಕವೇ ಇಲ್ಲದ ಪಾರ್ಕಿನ್ಸನ್ ಇದೆ. ನಿಧಾನವಾಗುವುದು, ಬಿಗಿತ ಇವೇ ಮೊದಲು ಬರಬಹುದು. ಪಾರ್ಕಿನ್ಸನ್ ಅಲ್ಲದ ನಡುಕವೂ ಬೇಕಾದಷ್ಟಿದೆ. ಈ ರೋಗದ ನಡುಕ ಕೈ ಸುಮ್ಮನಿದ್ದಾಗ ಬರುವಂಥದು: ತೊಡೆಯ ಮೇಲಿಟ್ಟ ಕೈಯ ಹೆಬ್ಬೆರಳು, ತೋರುಬೆರಳು ದೀಪದ ಬತ್ತಿ ಹೊಸೆಯುವಂತೆ ಸೆಕೆಂಡಿಗೆ ನಾಲ್ಕರಿಂದ ಆರು ಸಲ ಆಡುತ್ತವೆ. ಚಹಾದ ಕಪ್ಪಿಗೆ ಕೈ ಚಾಚಿದಾಗ ಕಡಿಮೆಯಾಗುತ್ತದೆ. ಕಪ್ಪು ಹಿಡಿದಾಗಲೇ ಚಹಾ ತುಳುಕುವಷ್ಟು ನಡುಗಿದರೆ ಅದು ಬಹುಮಟ್ಟಿಗೆ ಬೇರೆ ನಡುಕ. ‘ಬತ್ತಿ ಹೊಸೆಯುವ ಬೆರಳು’ ಎಂಬುದನ್ನು ಕರಪತ್ರದಲ್ಲಿ ಚಿತ್ರವಾಗಿಯೇ ಹಾಕಬಹುದು.

—

ಮ್ಯಾಂಗನೀಸ್ ಗಣಿಗಳಿರುವ ಸಂಡೂರಿನ ಓದುಗರಿಗಾಗಿ ನನ್ನದೂ ಒಂದು ಸೇರ್ಪಡೆ. ಮ್ಯಾಂಗನೀಸ್ ಧೂಳು, ವೆಲ್ಡಿಂಗ್ ಹೊಗೆ ಅತಿಯಾಗಿ ಒಳಗೆ ಹೋದರೆ ಬರುವುದು ಪಾರ್ಕಿನ್ಸನ್ನನ್ನು ಹೋಲುವ ಬೇರೆ ಕಾಯಿಲೆ, ಮ್ಯಾಂಗನಿಸಂ. 1837ರಲ್ಲೇ ಸ್ಕಾಟ್ಲೆಂಡಿನಲ್ಲಿ ಮ್ಯಾಂಗನೀಸ್ ಅದಿರು ಅರೆಯುವ ಕೆಲಸಗಾರರಲ್ಲಿ ಇದನ್ನು ಗುರುತಿಸಿದ್ದರು. ಇದರಲ್ಲಿ ಬೆನ್ನು ಸೆಟೆದು, ಮೊಣಕೈ ಮಡಚಿ, ತುದಿಗಾಲಲ್ಲಿ ನಡೆಯುವ ನಡಿಗೆ ಕಾಣುತ್ತದೆ. ‘ಹುಂಜದ ನಡಿಗೆ’ ಎಂದರೆ ಸರಿಯಾಗಿ ಕೂರುತ್ತದೆ. ಪಾರ್ಕಿನ್ಸನ್ನಿಗೆ ಕೊಡುವ ಲೆವೊಡೋಪ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಜೀನ್ಸಿಗೆ ಸವಕಲು ನೋಟ ತರಲು ಸಿಂಪಡಿಸುವ ಪೊಟ್ಯಾಶಿಯಂ ಪರ್ಮ್ಯಾಂಗನೇಟಿನಲ್ಲೂ ಇರುವುದು ಮ್ಯಾಂಗನೀಸೇ. ಆದ್ದರಿಂದ ಬಳ್ಳಾರಿಗೆ ಮಾಡುವ ಕರಪತ್ರದಲ್ಲಿ ‘ಪಾರ್ಕಿನ್ಸನ್’ ಮತ್ತು ‘ಪಾರ್ಕಿನ್ಸನ್ ಹೋಲುವ’ ಎಂಬ ಎರಡು ಮಾತು ಬೇರೆಬೇರೆ ಇರಲಿ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್ ಬಹಳ ದಿನ ನುಂಗಿದಾಗ ಬರುವುದೂ ಈ ‘ಹೋಲುವ’ ಗುಂಪಿಗೇ ಸೇರುತ್ತದೆ. ವೈದ್ಯರು ಮಾತ್ರೆ ನಿಲ್ಲಿಸಿದರೆ ಎಷ್ಟೋ ಜನರಲ್ಲಿ ಅದು ಇಳಿಯುತ್ತದೆ.

—

ಇಬ್ಬರಿಗೂ ವಂದನೆ. ‘ಸಂಭವ’, ‘ಮೈಗೆ ಹತ್ತುವುದು’, ‘ಮುಂಗುರುತು’ ಮೂರನ್ನೂ ತೆಗೆದುಕೊಂಡಿದ್ದೇನೆ. ‘ಕೈಗವಸು’ ಎಂದರೆ ಯಾರಿಗೂ ತಿಳಿಯದು, ‘ಕೈಚೀಲ’ ಎಂದರೆ ಸಂತೆಯ ಚೀಲವಾಗುತ್ತದೆ. ಏನು ಬರೆಯಲಿ?

—

‘ಗ್ಲೌಸ್’ ಎಂದೇ ಬರೆಯಿರಿ ಮೇಡಂ, ಆದರೆ ಮುಂದೆ ‘ರಬ್ಬರಿನ’ ಎಂಬುದು ತಪ್ಪಬಾರದು. ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರು) ಸಿಕ್ಕರೆ ಇನ್ನೂ ಒಳ್ಳೆಯದು. ಮೇಲೆ ಹೇಳಿದ 2011ರ ಅಧ್ಯಯನದ ಅದೇ ಅಮೆರಿಕದ ಕೃಷಿಕರ ಮುಂದಿನ ವಿಶ್ಲೇಷಣೆಯಲ್ಲಿ ಪ್ಯಾರಾಕ್ವಾಟ್ ಮತ್ತು ಪಾರ್ಕಿನ್ಸನ್ನಿನ ನಂಟು ಕಂಡದ್ದು ಗ್ಲೌಸ್ ಸರಿಯಾಗಿ ಹಾಕದವರಲ್ಲಿ. ಬಟ್ಟೆಯ ಗ್ಲೌಸ್ ಎಣ್ಣಿ ಕುಡಿದು ಇಡೀ ದಿನ ಚರ್ಮಕ್ಕೆ ಒತ್ತಿಕೊಂಡಿರುತ್ತದೆ. ಅದಕ್ಕಿಂತ ಬರಿಗೈ ತೊಳೆದುಕೊಳ್ಳುವುದೇ ವಾಸಿ.